ಕೊಂಡಿ ಬಿದ್ದ ರೂಪಾಯಿ

ನಾಣ್ಯ ಮಾರುವವರ ಬಾಯಲ್ಲಿ ‘ಡ್ಯಾಮೇಜ್’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಂಚಿನಲ್ಲಿ ಬೆಸುಗೆಯ ಗುರುತಿದ್ದರೆ ಡ್ಯಾಮೇಜ್, ತೂತು ಬಿದ್ದಿದ್ದರೆ ಡ್ಯಾಮೇಜ್, ಹುಣಸೆಹಣ್ಣು ಹಾಕಿ ತಿಕ್ಕಿದ್ದರೂ ಡ್ಯಾಮೇಜ್. ಅಂಥವನ್ನೆಲ್ಲ ಒಂದು ಡಬ್ಬಿಗೆ ಸುರಿದು ಮೇಜಿನ ಮೂಲೆಗೆ ತಳ್ಳಿರುತ್ತಾರೆ. ನಾನು ಮೊದಲು ಕೈ ಹಾಕುವುದು ಆ ಡಬ್ಬಿಗೇ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳನ್ನು ಇಸವಿಗೊಂದರಂತೆ ಕೂಡಿಡುವ ಹುಚ್ಚಿರುವವರಿಗೆ ಈ ಕಷ್ಟ ಗೊತ್ತು. ಐದನೇ ಜಾರ್ಜನ 1917, 1918, 1919 ಎಲ್ಲಿ ಬೇಕಾದರೂ ಸಿಗುತ್ತವೆ. 1911ಕ್ಕೆ ಹುಡುಕಾಡಬೇಕು. 1922 ಬಂತೆಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಆರನೇ ಜಾರ್ಜನ 1939ರ ರೂಪಾಯಿಯ ಬೆಲೆ ಕೇಳಿದರೆ ಸಂಬಳದವರು ಸುಮ್ಮನೆ ಎದ್ದು ಬರುತ್ತಾರೆ.

1911ರದ್ದನ್ನು ಭೂತಗನ್ನಡಿಯಲ್ಲಿ ನೋಡಬೇಕು. ದೊರೆಯ ನಿಲುವಂಗಿಯ ಮೇಲೆ ಪದಕಗಳ ಸರ, ಅದರಲ್ಲೊಂದು ಪುಟಾಣಿ ಆನೆ. ಸೊಂಡಿಲು ಮೋಟು. ಜನರ ಕಣ್ಣಿಗೆ ಅದು ಆನೆಯಾಗಿ ಕಾಣಲಿಲ್ಲ, ಹಂದಿಯಾಗಿ ಕಂಡಿತು. ಮುಸ್ಲಿಮರು ನೊಂದರು, ಗುಲ್ಲೆದ್ದಿತು, ಸರ್ಕಾರ ನಾಣ್ಯವನ್ನು ತಡೆಹಿಡಿಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ ಹೊರಬಿದ್ದದ್ದು ಏಳು ಲಕ್ಷದಷ್ಟು. ಮಿಕ್ಕವು ಕುಲುಮೆಗೆ ಹೋದವು. ಮರುವರ್ಷ ಆನೆಗೆ ಸರಿಯಾದ ಸೊಂಡಿಲು ಬಂತು. ‘ಹಂದಿ ರೂಪಾಯಿ’ ಅನ್ನುವ ಹೆಸರು ಮಾತ್ರ ಇಂದಿಗೂ ಹೋಗಿಲ್ಲ.

ಕುಲುಮೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ತತ್ವಾರ ಬಂತು. 1940ರಿಂದ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. ನೂರಕ್ಕೆ 91.7 ಪಾಲು ಬೆಳ್ಳಿಯಿದ್ದ ಹಳೆಯ ರೂಪಾಯಿಗಳನ್ನು, ವಿಕ್ಟೋರಿಯಾಳಿಂದ ಹಿಡಿದು ಜಾರ್ಜರವರೆಗೆ, ಸರ್ಕಾರ ಒಂದೊಂದಾಗಿ ಚಲಾವಣೆಯಿಂದ ತೆಗೆದು ವಾಪಸು ಕರೆಯಿತು. ಕರೆದಾಗ ಹೋಗದೆ ಉಳಿದವು ಯಾವುವು? ಪೆಟ್ಟಿಗೆಯ ತಳದವು, ನೆಲದಲ್ಲಿ ಹೂತವು, ಮತ್ತೆ ಹೆಂಗಸರ ಕೊರಳಲ್ಲಿದ್ದವು.

ಅಕ್ಕಸಾಲಿ ಅಂಚಿಗೊಂದು ಕೊಂಡಿ ಬೆಸೆದು ಕೊಟ್ಟರೆ ರೂಪಾಯಿ ಸರವಾಗುತ್ತಿತ್ತು. ಲಂಬಾಣಿ ತಾಂಡಾಗಳಲ್ಲಿ ಕನ್ನಡಿ ಚೂರಿನ ಜೊತೆ ನಾಣ್ಯವೂ ಉಡುಪಿಗೆ ಹತ್ತಿತು. ಮದುವೆಯಾದ ಮನೆಯ ಕಷ್ಟಸುಖಕ್ಕೆಲ್ಲ ಅದೇ ಬ್ಯಾಂಕು. ಗಂಡನ ಕೈಗೆ ಸುಲಭಕ್ಕೆ ಸಿಗದ ಬ್ಯಾಂಕು. ಇನ್ನು ಕೆಲವು ದೇವರ ಪೆಟ್ಟಿಗೆ ಸೇರಿದವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಜ್ಜಿಯರು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ರಭಸಕ್ಕೆ ಚಕ್ರವರ್ತಿಯ ಗಡ್ಡ ಬೋಳಾಯಿತು, ಕಿರೀಟ ನುಣ್ಣಗಾಯಿತು. ಸ್ವಾತಂತ್ರ್ಯಕ್ಕೆ ಮೊದಲೇ ನಮ್ಮ ಅಡುಗೆಮನೆಗಳಲ್ಲಿ ಸಾಮ್ರಾಜ್ಯ ಸವೆಯುತ್ತಿತ್ತು. ಸವೆದರೂ, ಕುಂಕುಮ ಮೆತ್ತಿದರೂ, ನಾಣ್ಯ ಉಳಿಯಿತು. ಯಾವ ಬೆಸುಗೆ ಅದರ ಬೆಲೆ ಇಳಿಸಿತೋ ಅದೇ ಬೆಸುಗೆ ಅದನ್ನು ಕುಲುಮೆಯಿಂದ ಕಾಪಾಡಿತು. ಅದನ್ನು ಡ್ಯಾಮೇಜ್ ಅನ್ನಬಾರದು.

ಹೀಗಾಗಿ ಕಡಿಮೆ ದುಡ್ಡಿನಲ್ಲಿ ಆಲ್ಬಮ್ ತುಂಬಿಸಬೇಕೆಂದು ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಮಿರಮಿರ ಮಿಂಚುವ ನಾಣ್ಯದ ಆಸೆ ಬಿಡಿ. ಇಸವಿ ಓದಲು ಬಂದರೆ ಸಾಕು. ಹಳೆಯ ಬೆಳ್ಳಿ ಕೊಳ್ಳುವ ಅಂಗಡಿಗಳಲ್ಲಿ ಇವು ತೂಕಕ್ಕೆ ಬರುತ್ತವೆ. ಕರಗಿಸುವ ಮೊದಲು ಒಮ್ಮೆ ನೋಡಲು ಬಿಡಿ ಎಂದು ಕೇಳಿಕೊಳ್ಳಿ. ಅವಸರವಿಲ್ಲದವನಿಗೆ 1911 ಅಲ್ಲೇ ಸಿಕ್ಕೀತು. 1939ರ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ. 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದವು, ಅಚ್ಚಿನಲ್ಲಿ ಎರಕ ಹೊಯ್ದವು ಸಂತೆಯ ತುಂಬ ಇವೆ. ಸವೆಯದ ರೂಪಾಯಿ 11.66 ಗ್ರಾಂ ತೂಗಬೇಕು. ತಕ್ಕಡಿಗೆ ಹಾಕಿ, ಕೊನೆಯ ಅಂಕಿಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ, ಬಲ್ಲವರಿಗೆ ತೋರಿಸಿ, ಆಮೇಲೆ ದುಡ್ಡು ಎಣಿಸಿ.

ಕೊಂಡಿ ಕಿತ್ತು, ಅಂಚು ಉಜ್ಜಿ ನಯ ಮಾಡಿ ಕೊಡ್ತೀನಿ ಸಾರ್ ಅಂದರೆ, ಬೇಡಪ್ಪ, ಹಾಗೇ ಕೊಡು ಅನ್ನಿ.