ಸಿರಿಮನೆಯ ದಾರಿಯಲ್ಲಿ ಒಂದು ಪ್ರತಿಕಾಯ

ಶೃಂಗೇರಿಯಿಂದ ಕಿಗ್ಗದ ಕಡೆ ಹೊರಳಿದರೆ ಅಡಿಕೆ ತೋಟ, ಕಾಫಿ ಗಿಡ, ಆಮೇಲೆ ಬರೀ ಕಾಡು. ಮಳೆ ಬೇಡಿಕೊಂಡು ಜನ ಬರುವ ಋಷ್ಯಶೃಂಗೇಶ್ವರನಿಗೆ ಕೈಮುಗಿದು ಸಿರಿಮನೆ ಜಲಪಾತಕ್ಕೆ ಹೊರಟಿದ್ದೆವು. ಅಂಗಡಿಯವರು ನಮ್ಮ ಬರಿಗಾಲು ನೋಡಿ, "ಉಣುಗು ಹತ್ತೀತು ಮಾರಾಯ್ರೆ, ಎಣ್ಣೆ ಹಚ್ಕೊಂಡು ಹೋಗಿ" ಎಂದರು. ಎಣ್ಣೆಯೆಂದರೆ ಆರೋಗ್ಯ ಇಲಾಖೆ ಹಂಚುವ ಡೀಪಾ. ಬೆನ್ನಿಗೇ ಇನ್ನೊಂದು ಮಾತು: "ಜ್ವರ ಬಂದ್ರೆ ಮೊದ್ಲು ಪಿಸಿಆರ್, ದಿನ ಕಳೆದಿದ್ರೆ ಐಜಿಎಂ."

ನಾನು ಬೆರಗಾದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯವರಿಗೆ ಪ್ರಯೋಗಾಲಯದ ಭಾಷೆಯನ್ನೂ ಕಲಿಸಿದೆ. ಐಜಿಎಂ ಎಂದರೆ ವೈರಸ್ಸನ್ನು ಹಿಡಿಯಲು ನಮ್ಮ ರಕ್ತವೇ ತಯಾರಿಸುವ ಪ್ರತಿಕಾಯ.

ಜಲಪಾತದ ಎತ್ತರ ಸುಮಾರು 40 ಅಡಿ. ಕಪ್ಪು ಬಂಡೆಯ ಮೇಲಿಂದ ಬೀಳುವ ನೀರು ಮೈಗೆ ತಾಕಿದರೆ ಬೇಸಿಗೆಯಲ್ಲೂ ಹಲ್ಲು ಕಟಕಟ. ಒದ್ದೆ ತಲೆ ಒರೆಸಿಕೊಳ್ಳುತ್ತ, ಕೋಶವಿಜ್ಞಾನದಲ್ಲಿ ಸಂಶೋಧನೆ ಮಾಡುವ ಗೆಳತಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕಪ್ಪು ಹಿನ್ನೆಲೆ, ನಡುವೆ ನೀಲಿ ಗುಂಡುಗಳು, ಅವುಗಳ ಸುತ್ತ ಹಸಿರು ಧೂಳು.

"ನೀಲಿ ಕೋಶಕೇಂದ್ರ. ಹಸಿರು ಇಂಪಾರ್ಟಿನ್ ಆಲ್ಫಾ" ಎಂದಳು. ಕೋಶಕೇಂದ್ರದ ಪೊರೆಯಲ್ಲಿ ಸಾವಿರಾರು ರಂಧ್ರಗಳು; ದೊಡ್ಡ ಪ್ರೋಟೀನುಗಳು ತಾವಾಗಿ ಒಳಹೋಗಲಾರವು. ಅವುಗಳ ಮೇಲಿನ ವಿಳಾಸ ಗುರುತಿಸಿ, ಹೊತ್ತು ದಾಟಿಸುವ ಹಮಾಲಿಯೇ ಈ ಇಂಪಾರ್ಟಿನ್. ಮನುಷ್ಯನಲ್ಲಿ ಆಲ್ಫಾ ಬಗೆಯವೇ ಏಳು.

ಇಷ್ಟು ಸಣ್ಣದು ಕಂಡದ್ದು ಹೇಗೆ? ಕೋಶಗಳನ್ನು ಫಾರ್ಮಾಲ್ಡಿಹೈಡಿನಲ್ಲಿ ಇದ್ದಂತೆಯೇ ಹಿಡಿದಿಟ್ಟು, ಮಾರ್ಜಕದಿಂದ ಪೊರೆಯಲ್ಲಿ ಸಂದಿ ಮಾಡಿ, ಮೊಲದಲ್ಲಿ ತಯಾರಾದ ಪ್ರತಿಕಾಯ ಹಾಕುತ್ತಾರೆ. ಕೋಶದ ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಅದು ಇಂಪಾರ್ಟಿನ್ನನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೆ ಹಸಿರು ಹೊಳಪಿನ ಇನ್ನೊಂದು ಪ್ರತಿಕಾಯ. ಇಂಪಾರ್ಟಿನ್ ಇಲ್ಲದ ಕೋಶವನ್ನೂ ಪಕ್ಕದಲ್ಲಿಟ್ಟು ನೋಡಬೇಕಂತೆ. ಅಲ್ಲೂ ಹಸಿರು ಬಂದರೆ ಪ್ರತಿಕಾಯವನ್ನು ನಂಬುವಂತಿಲ್ಲ.

ಈ ಹಮಾಲಿಗೂ ಮಂಗನ ಕಾಯಿಲೆಗೂ ನಂಟಿದೆ ಎಂದಾಗ ನನಗೆ ನೀರಿನ ಸದ್ದು ಮರೆತೇಹೋಯಿತು. ವೈರಸ್ ಬಂದಾಗ ಒಂದು ಕೋಶ ಇಂಟರ್‌ಫೆರಾನ್ ಬಿಟ್ಟು ಎಚ್ಚರಿಸುತ್ತದೆ. ಪಕ್ಕದ ಕೋಶದಲ್ಲಿ ಆ ಸುದ್ದಿಯನ್ನು ಸ್ಟಾಟ್1 ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಮುಟ್ಟಿಸಬೇಕು. ಅದನ್ನು ಒಳಗೆ ಒಯ್ಯುವುದು ಇಂಪಾರ್ಟಿನ್. ಕೋಶ ಈ ಎಚ್ಚರಿಕೆಗೆ ಓಗೊಡದಂತೆ ಮಾಡುವ ಶಕ್ತಿ ಮಂಗನ ಕಾಯಿಲೆಯ ವೈರಸ್ಸಿನ ಎನ್‌ಎಸ್5 ಪ್ರೋಟೀನಿಗಿದೆ ಎಂದು 2012ರಲ್ಲೇ ಪ್ರಯೋಗಗಳು ತೋರಿಸಿವೆ.

ಕಿಗ್ಗಕ್ಕೆ ಇಳಿಯುವಷ್ಟು ಹೊತ್ತೂ ನಾನು ಪ್ರಶ್ನೆ ಕೇಳುತ್ತಲೇ ಇದ್ದೆ. ಕಾಡಿನವರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯ ವೈರಸ್ ಬಂದುಹೋದ ಸುಳಿವು ಕೊಡುತ್ತದೆ. ಮೊಲದ್ದು, ಕೋಶದೊಳಗಿನ ಹಮಾಲಿ ಎಲ್ಲಿದ್ದಾನೆಂದು ತೋರಿಸುತ್ತದೆ. ಎರಡರದ್ದೂ ಒಂದೇ ಕುಲ, ಒಂದೇ ಕಸುಬು: ತನ್ನದನ್ನು ಗುರುತಿಸಿ ಹಿಡಿಯುವುದು.