ಗೋರಿಯ ಗೋಡೆಯ ಮೇಲೊಂದು ಜುಟ್ಟುಜಗಳ

ಈಜಿಪ್ಟಿನ ಗೋರಿ ಎಂದೊಡನೆ ನಿಮಗೇನು ನೆನಪಾಗುತ್ತದೆ? ಮಮ್ಮಿ, ಚಿನ್ನದ ಮುಖವಾಡ, ಪ್ರಾಣಿಮುಖದ ದೇವರುಗಳು, ಅಲ್ಲವೇ? ಪುಸ್ತಕವೊಂದರಲ್ಲಿ ಮೆನ್ನಾ ಎಂಬಾತನ ಗೋರಿಯ ಚಿತ್ರಗಳನ್ನು ನೋಡುವ ತನಕ ನನಗೂ ಅಷ್ಟೇ.

ಲಕ್ಸರ್ ಊರಿನೆದುರು, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿರುವ ಈ ಗೋರಿಗೆ ಸುಮಾರು 3,400 ವರ್ಷ. ಮೆನ್ನಾ ರಾಜನ ಹೊಲಗಳ ಮೇಲ್ವಿಚಾರಕ. ಹಾಗಾಗಿ ಗೋಡೆಯ ಮೇಲೆ ಅಳತೆ, ಕೊಯ್ಲು, ರಾಶಿ ಎಲ್ಲ ಇದೆ. ಅದರ ನಡುವೆ ನೋಡಿ, ಹಕ್ಕಲು ಆಯಲು ಬಂದ ಇಬ್ಬರು ಹುಡುಗಿಯರು ಕೂದಲು ಹಿಡಿದು ಜಗ್ಗಾಡುತ್ತಿದ್ದಾರೆ! ಇನ್ನೊಂದು ಕಡೆ ಒಬ್ಬಳು ಗೆಳತಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಾಳೆ. ಮರದ ನೆರಳಲ್ಲಿ ಒಬ್ಬ ಹಾಯಾಗಿ ತೂಕಡಿಸುತ್ತಿದ್ದಾನೆ.

ಸಾಹೇಬ ಮೆನ್ನಾನ ಕಣ್ಣುಗಳನ್ನು ಆಮೇಲೆ ಯಾರೋ ಕೆತ್ತಿ ಹಾಕಿದ್ದಾರೆ. ಹೆಸರಿಲ್ಲದ ಆ ಹುಡುಗಿಯರು ಮಾತ್ರ ಇಂದಿಗೂ ಕಾಣುತ್ತಾರೆ.

ನಮ್ಮಜ್ಜಿಯೂ ಚಿಕ್ಕಂದಿನಲ್ಲಿ ಹಕ್ಕಲು ಆಯ್ದವಳೇ. ಅವಳ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಕೆಲಸದ ನಡುವಿನ ಜಗಳ, ಕಾಲಿಗೆ ಚುಚ್ಚಿದ ಮುಳ್ಳು ಇವೆಲ್ಲ ಉಳಿಸಿಡುವಂಥದ್ದು ಅಂತ ನಮಗೆ ಯಾರಿಗೂ ಅನ್ನಿಸಲೇ ಇಲ್ಲ. ಆ ಚಿತ್ರಗಾರನಿಗೆ ಅನ್ನಿಸಿತ್ತು. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಇವತ್ತೇ ಹತ್ತಿರ ಕೂತು ಕೇಳಿ.