ಏಡಿಯ ಹೊಟ್ಟೆಲಿ ಒಂದು ಕಡವಕಲ್ಲು

ಯಾವ ಜೆಂಬ್ರಕ್ಕೆ ಹೋದರೂ "ಮಗಳು ಅಮೇರಿಕಲ್ಲಿ ಎಂತ ಕಲಿತ್ತಾ ಇದ್ದು?" ಹೇಳಿ ಆರಾರು ಒಬ್ಬ° ಕೇಳಿಯೇ ಕೇಳ್ತವು. "ಏಡಿಯ ಹೊಟ್ಟೆಯ ನರದ ವಿಷಯ" ಹೇಳಿರೆ ಕೇಳಿದವರ ಮೋರೆ ಒಂದರಿ ಸಣ್ಣ ಆವ್ತು. ನವಗೆ ಏಡಿ ಹೇಳಿರೆ ಗೆದ್ದೆ ಹುಣಿಲಿ ಒಟ್ಟೆ ತೋಡಿ ನೀರು ಖಾಲಿ ಮಾಡುವ ಪ್ರಾಣಿ, ಅಷ್ಟೆ. ಅಡಿಗೆ ಕೋಣೆಗೆ ಅದು ಬಪ್ಪ ಕ್ರಮವೇ ಇಲ್ಲೆ. ಆನು ಓದಿದ್ದು ಪಿಯುಸಿ ವರೆಗೆ, ಅದೂ ಕಾಮರ್ಸು. ಎರಡು ವರ್ಷಂದ ಮಗಳು ಫೋನಿಲಿ ಹೇಳಿದ್ದರ ಕೇಳಿ ಕೇಳಿ ಎನಗೆ ಅರ್ಥ ಆದಷ್ಟರ ಇಲ್ಲಿ ಬರೆತ್ತೆ.

ಸುರುವಿಂಗೆ ಒಂದು ತಮಾಶೆ. ಏಡಿಗೆ ಅರವಲೆ ಬೇಕಾದ ಹಲ್ಲು ಇಪ್ಪದು ಹೊಟ್ಟೆಯ ಒಳ! ಎರಡು ಕರೆಲಿ ಒಂದೊಂದು, ನೆಡುಕೆ ಒಂದು, ಒಟ್ಟು ಮೂರು. ನುಂಗಿದ್ದರ ಅದು ನಮ್ಮ ಕಡವಕಲ್ಲಿನ ಹಾಂಗೆ ನಿಧಾನಕ್ಕೆ ಅರೆತ್ತು, ಒಂದು ಸುತ್ತಿಂಗೆ ಹತ್ತು ಸೆಕೆಂಡಿನ ಆಸುಪಾಸು. ಅದರ ಹಿಂದೆ ಒಂದು ಅರಿಪ್ಪೆ ಇದ್ದು. ಅರದ್ದರ ಅರಿಶಿ ಮುಂದೆ ಕಳುಸುದು ಅದರ ಕೆಲಸ. ಅದರ ತಾಳ ಮಾತ್ರ ಜೋರು, ಹೆಚ್ಚುಕಮ್ಮಿ ಸೆಕೆಂಡಿಂಗೆ ಒಂದರಿ. ಈ ಎರಡೂ ತಾಳವ ನೆಡೆಶುದು ಹೊಟ್ಟೆಯ ಮೇಗೆ ಇಪ್ಪ ಒಂದು ಸಣ್ಣ ನರದ ಗೆಂಟು. ಅದರಲ್ಲಿಪ್ಪದು ಬರೀ 30ರ ಆಸುಪಾಸು ನರಕೋಶ. ನಮ್ಮ ಮಂಡೆಲಿ 8,000 ಕೋಟಿಗಿಂತ ಹೆಚ್ಚು ಇದ್ದಡ.

30 ಕೋಶ ಅಲ್ಲದೋ, ಯಾವದು ಯಾವದಕ್ಕೆ ಸೇರಿದ್ದು ಹೇಳಿ ನಕ್ಷೆ ಬರದರೆ ಎಲ್ಲ ಗೊಂತಾವ್ತು ಹೇಳಿ ವಿಜ್ಞಾನಿಗೊ ಗ್ರೇಶಿದವು. 1960ರ ದಶಕಂದ ಡೊನಾಲ್ಡ್ ಮೇನಾರ್ಡ್, ಮತ್ತೆ ಕ್ಯಾಲಿಫೋರ್ನಿಯದ ಅಲನ್ ಸೆಲ್ವರ್‌ಸ್ಟನ್, ಏಡಿಯ ನೆಂಟ ಲಾಬ್‌ಸ್ಟರಿನ ಹಿಡ್ಕೊಂಡು ಕೂದವು. ನಕ್ಷೆ ತಯಾರಾತು. ಆದರೆ ನಕ್ಷೆ ಒಂದೇ ಇದ್ದರೂ ತಾಳ ಒಂದೇ ನಮುನೆ ಇತ್ತಿದ್ದಿಲ್ಲೆ. ಒಂದರಿ ಜೋರು, ಒಂದರಿ ಮೆಲ್ಲಂಗೆ, ಒಂದರಿ ಪೂರಾ ಮೌನ.

ಈ ಒಗಟಿನ ಬಿಡುಸುಲೆ ಜೀವಮಾನವೇ ಕೊಟ್ಟದು ಈವ್ ಮಾರ್ಡರ್ ಹೇಳುವ ಹೆಮ್ಮಕ್ಕೊ. ಸೆಲ್ವರ್‌ಸ್ಟನ್ ಹತ್ತರೆ ಕಲ್ತು 1974ರಲ್ಲಿ ಪಿಎಚ್‌ಡಿ ಮಾಡಿ, ಮತ್ತೆ ಬೋಸ್ಟನ್ ಹತ್ತರಾಣ ಬ್ರಾಂಡೈಸ್ ವಿಶ್ವವಿದ್ಯಾಲಯಲ್ಲಿ ಇದೇ ಹೊಟ್ಟೆಯ ನರದ ಮೇಲೆ ಕೆಲಸ ಮಾಡಿದವು. 2016ರಲ್ಲಿ ಇನ್ನಿಬ್ಬರ ಒಟ್ಟಿಂಗೆ ಕಾವ್ಲಿ ಪ್ರಶಸ್ತಿಯೂ ಬಂತು. ಅವು ಮತ್ತೆ ಅವರ ಹಾಂಗಿಪ್ಪವು ಕಂಡುಗೊಂಡ ವಿಷಯ ಇಷ್ಟು: ಕೋಶಂಗೊ ಅದೇ, ಜೋಡಣೆಯೂ ಅದೇ. ಅದರ ಮೀಶುವ ರಸ ಬದಲಿದರೆ ತಾಳವೂ ಬದಲುತ್ತು.

ಆ ರಸಂಗಳಲ್ಲಿ ಸುಮಾರಿನ ನ್ಯೂರೋಪೆಪ್ಟೈಡ್ ಹೇಳ್ತವು. ಪ್ರೋಟೀನಿನ ಸಣ್ಣ ತುಂಡುಗೊ. ಕೆಲವು ಮಂಡೆಯ ಹೊಡೆಂದ ಬಪ್ಪ ನರದ ಕೊಡಿಂದ ಬತ್ತು, ಕೆಲವು ನೆತ್ತರಿಲಿ ಬತ್ತು. ಈ ನರದ ಗೆಂಟು ಇಪ್ಪದೇ ಹೃದಯಂದ ಹೆರಟ ನೆತ್ತರ ನಾಳದ ಒಳ. ಹಾಂಗಾಗಿ ನೆತ್ತರಿಲಿ ಎಂತ ಬಂದರೂ ಸೀದಾ ಅದಕ್ಕೆ ತಾಗುತ್ತು.

ಪ್ರೊಕ್ಟೊಲಿನ್ ಹೇಳುದು ಹೀಂಗಿಪ್ಪ ಒಂದು ರಸ, ಐದೇ ಅಮೈನೋ ಆಮ್ಲದ ಸರ. ಕೆನಡದವು ಅದರ ರಚನೆಯ ಕಂಡು ಹಿಡುದ್ದು 1975ರಲ್ಲಿ, ಲಕ್ಷಕ್ಕೂ ಮೇಲೆ ಜೆರಳೆಯ ಅರದಡ! (ಎನ್ನ ಅಡಿಗೆ ಕೋಣೆಗೆ ಬಂದಿದ್ದರೆ ಪುಕ್ಕಟೆ ಕೊಡ್ತಿತೆ.) ಏಡಿಯ ನರಕ್ಕೆ ಪ್ರೊಕ್ಟೊಲಿನ್ ಬಿಟ್ಟರೆ ನಿಧಾನ ಇದ್ದ ತಾಳ ಚುರುಕಾವ್ತು. ಮದಲೇ ಚುರುಕಿದ್ದರೆ ವೇಗ ಹೆಚ್ಚು ಬದಲುತ್ತಿಲ್ಲೆ. ಹಶುದವಂಗೂ ಉಂಡು ಎದ್ದವಂಗೂ ಒಂದೇ ಪಾಯಸ ಬಳುಸಿದ ಹಾಂಗೆ! ಇನ್ನೊಂದು ಪೆಪ್ಟೈಡ್ ಲಾಬ್‌ಸ್ಟರಿಲಿ ಬೇರೆಬೇರೆ ಇದ್ದ ಎರಡು ತಾಳವ ಸೇರ್ಸಿ ಒಂದೇ ಮಾಡುತ್ತು ಹೇಳಿ 1990ರಲ್ಲಿ ಕಂಡತ್ತು. ಆಟಲ್ಲಿ ಚೆಂಡೆ ಮದ್ದಳೆ ಅದೇ ಆದರೂ ಭಾಗವತ° ತಾಳ ಬದಲ್ಸಿದರೆ ವೇಷದ ಕಾಲು ಬದಲುತ್ತನ್ನೆ, ಹಾಂಗೆ.

"ಜೀವ ತೆಗವದು ಪಾಪ ಅಲ್ಲದೋ?" ಹೇಳಿ ಎನ್ನ ಅತ್ತೆ ಕೇಳಿದವು. ಆನು ಮಗಳ ಹತ್ತರೆ ಕೇಳಿದೆ. ಏಡಿಯ ಮಂಜುಗಡ್ಡೆಲಿ ಮಡುಗಿ, ಅದಕ್ಕೆ ಮರಗಟ್ಟಿದ ಮತ್ತೆಯೇ ಕೊಯ್ವದಡ. "ಆದರೂ ಎನಗೆ ಸುಲಭ ಆಯಿದಿಲ್ಲೆ, ಅಮ್ಮ" ಹೇಳಿತ್ತು. ಅತ್ತೆಗೆ ಸಮಾಧಾನ ಆಯಿದಿಲ್ಲೆ, ಎನಗೂ ಪೂರಾ ಆಯಿದಿಲ್ಲೆ. ಹೊಟ್ಟೆಂದ ತೆಗದ ಆ ನರದ ಗೆಂಟು, ತಣ್ಣಂಗಿಪ್ಪ ಉಪ್ಪುನೀರಿಲಿ ಗಂಟೆಗಟ್ಲೆ ತಾಳ ಹಾಕಿಗೊಂಡೇ ಇರ್ತಡ. ಅರವಲೆ ಎಂತ ಇಲ್ಲದ್ದರೂ.

ಎನಗೆ ತುಂಬಾ ತಾಗಿದ್ದು ಇನ್ನೊಂದು ವಿಷಯ. ಮಂಡೆಯ ಹೊಡೆಂದ ರಸ ತಪ್ಪ ನರವ ತುಂಡುಸಿದರೆ ತಾಳ ಕುಂಟುತ್ತು, ಇಲ್ಲದ್ದರೆ ನಿಂದೇ ಹೋವ್ತು. ಪ್ರೊಕ್ಟೊಲಿನ್ ಬಿಟ್ಟರೆ ಪುನಃ ಏಳ್ತು. ಆದರೆ ಎಂತದೂ ಬಿಡದ್ದೆ ಹಾಂಗೇ ಮಡುಗಿದರೆ? ಕೆಲವು ದಿನಲ್ಲಿ ಆ ಕೋಶಂಗೊ ಒಳಂದೊಳವೇ ಹೊಂದಾಣಿಕೆ ಮಾಡಿಗೊಂಡು, ಆ ರಸ ಇಲ್ಲದ್ದೆಯೂ ತಾಳ ಸುರು ಮಾಡ್ತಡ!

ಎನಗೀಗ 53. ಮುಟ್ಟು ನಿಂದು ಒಂದೂವರೆ ವರ್ಷ ಆತು. ಇರುಳು ಎರಡು ಗಂಟೆಗೆ ಬೆಗರಿ ಚೆಂಡಿ ಆಗಿ ಎಚ್ಚರಪ್ಪದು, ಸಾರಿಂಗೆ ಉಪ್ಪು ಕಮ್ಮಿ ಹೇಳಿರೂ ಕಣ್ಣೀರು ಬಪ್ಪದು. "ನೀನು ಮದಲಾಣ ಹಾಂಗೆ ಇಲ್ಲೆ" ಹೇಳಿದವು ಎಂಗಳ ಮನೆಯವು. ಬೈದ್ದಲ್ಲ, ಹೆದರಿ ಹೇಳಿದ್ದು. ಎನಗೂ ಹೆದರಿಕೆಯೇ ಇತ್ತು. ಎನ್ನ ಒಳ ಎಂತದೋ ತುಂಡಾತು ಹೇಳಿ ಇರುಳಿಡೀ ಯೋಚನೆ.

ಏಡಿಯ ಈ ಕತೆ ಕೇಳಿದ ದಿನ ಮಗಳ ಹತ್ತರೆ ಹೇಳಿದೆ, "ಅಂಬಗ ಎನ್ನದೂ ಹಾಂಗೆಯೋ? ಕೋಶ ಅದೇ, ರಸ ಬೇರೆಯೋ?" ಅದು ನೆಗೆ ಮಾಡಿತ್ತು. "ಏಡಿಯ ಲೆಕ್ಕವ ಸೀದಾ ನಿನಗೆ ಹಾಕೆಡ. ಈಸ್ಟ್ರೋಜನ್ ಪೆಪ್ಟೈಡ್ ಅಲ್ಲ, ಅದರ ಜಾತಿಯೇ ಬೇರೆ. ಮದಾಲು ಡಾಕ್ಟ್ರ ಹತ್ತರೆ ಹೋಗು" ಹೇಳಿತ್ತು. ಹೋದೆ. ಥೈರಾಯ್ಡೂ ನೋಡಿದವು, ಮದ್ದೂ ಕೊಟ್ಟವು. ಮಗಳು ಹೇಳಿದ್ದು ಸರಿಯೇ. ಆದರೂ 30 ಕೋಶದ ಒಂದು ಗೆಂಟಿಂಗೂ ಹೊಸ ತಾಳ ಕಂಡುಗೊಂಬಲೆ ದಿನ ಬೇಕಾವ್ತು ಹೇಳಿ ಗೊಂತಾದ ಮತ್ತೆ, ಎನಗೆ ಎನ್ನ ಮೇಲೆ ರಜ್ಜ ತಾಳ್ಮೆ ಬಂತು.

ನಿಂಗಳ ಮನೆಲಿ ಐವತ್ತರ ಹತ್ತರಾಣ ಹೆಮ್ಮಕ್ಕೊ ಇದ್ದರೆ, "ಎಂತಾತು ನಿನಗೆ?" ಹೇಳಿ ದಿನಾಗಳೂ ಕೇಳೆಡಿ. ಡಾಕ್ಟ್ರ ಹತ್ತರೆ ಒಟ್ಟಿಂಗೆ ಹೋಗಿ. ಇರುಳು ಎದ್ದು ಕೂದರೆ ಕಿಟುಕಿ ತೆಗದು ಒಂದು ಗ್ಲಾಸು ನೀರು ಕೊಡಿ. ಎಂಗಳ ಮನೆಯವು ಈಗ ಹಾಂಗೆ ಮಾಡ್ತವು.